ಮ್ಯಾನೇಜರ ಕೋಣೆಯಲ್ಲೊಂದು ದಾರಿ

ಎಲ್ಲ ಫಜೀತಿಗೂ ಕಾರಣ ಒಂದು ಕೆಂಪು ಬಾಣ. ಬಣ್ಣದ ಕಾರ್ಖಾನೆಯ ಸ್ಟೋರ್ಸ್ ಗುಮಾಸ್ತ ಅದನ್ನು ನಕ್ಷೆಯಲ್ಲಿ ಮ್ಯಾನೇಜರ ಕೋಣೆಯ ನಟ್ಟನಡುವೆ ಎಳೆದಿದ್ದ.

ಐವತ್ತು ದಾಟಿದ ಮೇಲೆ ಸಂಜೆ ಕ್ಲಾಸಿಗೆ ಸೇರಿ, ನಕ್ಷೆ ಬರೆಯುವುದನ್ನೂ ಬೆಂಕಿ ಬಿದ್ದರೆ ಜನರನ್ನು ಪಾರುಮಾಡುವ ಯೋಜನೆ ಹಾಕುವುದನ್ನೂ ಕಲಿತ ಆಸಾಮಿ. ಟೇಪು ಕೈಗೆ ಬಂದದ್ದೇ ತಡ, ಕಂಡದ್ದನ್ನೆಲ್ಲ ಅಳೆಯತೊಡಗಿ ಎಲ್ಲರ ಬಾಯಲ್ಲಿ ‘ಅಳತೆಪ್ಪ’ನಾದ. ಆದರೆ ಅವನ ಗೆರೆಗಳೋ, ಎಣ್ಣೆ ಹಚ್ಚಿ ಬಾಚಿದ ಕೂದಲಿನಷ್ಟು ನೆಟ್ಟಗೆ!

ಅಂದು ಮಧ್ಯಾಹ್ನ ಸುರಕ್ಷತಾ ಇನ್ಸ್‌ಪೆಕ್ಟರ್ ಎದುರು ಆ ನಕ್ಷೆಯಂತೆ ತಾಲೀಮು. ಮ್ಯಾನೇಜರ್ ಸಾಹೇಬರು ನಕ್ಷೆಯನ್ನಿನ್ನೂ ನೋಡಿರಲಿಲ್ಲ. ನೋಡಿದವರೆಲ್ಲ ಬೆಳಿಗ್ಗೆಯೇ ಮುತ್ತಿಕೊಂಡರು.

“ತಲೆ ನೆಟ್ಟಗಿದೆಯೇನಯ್ಯಾ? ಸಾಹೇಬ್ರ ರೂಮಿಗೆ ಜನ ನುಗ್ಗಿಸ್ತೀಯಾ?” ಎಂದರು ಅಕೌಂಟೆಂಟ್.

“ಕ್ಯಾಂಟೀನ್ ಕಡೆ ತಿರುಗಿಸಿ ಅಣ್ಣಾ, ಹೋಗ್ತಾ ಒಂದು ಟೀ ಆದ್ರೂ ಆಗುತ್ತೆ,” ಎಂದಳು ಟೈಪಿಸ್ಟ್.

ಅಕೌಂಟೆಂಟ್ ತಾವೇ ರಬ್ಬರ್ ಹಿಡಿದು ಬಾಣ ಅಳಿಸಿ, ಗೋಡೌನಿನತ್ತ ತಿರುಗಿಸಿದರು.

“ಅಲ್ಲಿ ಥಿನ್ನರ್ ಡ್ರಮ್ ಇದೆ ಸಾರ್! ಬೆಂಕಿಯಿಂದ ತಪ್ಪಿಸ್ಕೊಂಡು ಬೆಂಕಿಗೇ ಬೀಳೋದಾ?” ಎಂದ ಅಳತೆಪ್ಪ.

“ಕೆಲಸ ಬೇಕೋ ಬೇಡ್ವೋ?”

ಊಟದ ಹೊತ್ತಿನಲ್ಲಿ ಅಳತೆಪ್ಪ ಟೇಪು ಹಿಡಿದು ಮತ್ತೆ ಅಳೆದ. ಪ್ಯಾಕಿಂಗ್ ಹಾಲಿನ ಹೆಂಗಸರಿಗೆ ಅಂಗಳಕ್ಕಿದ್ದ ಹತ್ತಿರದ ದಾರಿಯೆಂದರೆ ಆ ಕೋಣೆಯದೊಂದೇ. ಅಕೌಂಟೆಂಟರ ಬಾಣ ಅಳಿಸಿ, ಪೆನ್ನು ತೆಗೆದು, ಈ ಸಲ ಶಾಯಿಯಲ್ಲೇ ಬಾಣ ಎಳೆದ. ಗೆರೆ ಎಂದಿನಂತೆ ನೆಟ್ಟಗೆ ಬಂತು.

ಸೈರನ್ ಕೂಗಿತು. ಅಳತೆಪ್ಪ ಬಾಗಿಲು ದೂಡಿದ. ಹಿಂದೆ ಹೆಂಗಸರ ಸಾಲು. ಸಾಹೇಬರು ಮೇಜಿನ ಮೇಲೆ ಕಾಲು ಚಾಚಿ ಗೊರಕೆ ಹೊಡೆಯುತ್ತಿದ್ದರು.

“ಬೆಂಕಿ ಎಲ್ರೀ?” ಎಂದು ಧಡಕ್ಕನೆ ಎದ್ದರು.

“ನಕ್ಷೆಯಲ್ಲಿ ಸಾರ್. ನಡೀರಿ!”

ಒಂಟಿ ಬೂಟಿನಲ್ಲಿ ಸಾಹೇಬರೂ ಅಂಗಳ ಸೇರಿದರು. ಒಬ್ಬರೂ ಎಡವಿರಲಿಲ್ಲ. ಇನ್ಸ್‌ಪೆಕ್ಟರ್ ನಕ್ಷೆಯನ್ನು ಬೆಳಕಿಗೆ ಹಿಡಿದು, “ಇಂಥ ಕೆಲಸ ನೋಡಿ ಎಷ್ಟು ಕಾಲವಾಯ್ತು! ಯಾರ್ರೀ ಬರೆದದ್ದು?” ಎಂದರು.

“ನಾನೇ ಧೈರ್ಯ ತುಂಬಿದ್ದು,” ಎಂದರು ಅಕೌಂಟೆಂಟ್.

ಹೆಂಗಸರೆಲ್ಲ ಚಪ್ಪಾಳೆ ತಟ್ಟಿದ್ದು ಮಾತ್ರ ಅಳತೆಪ್ಪನಿಗೆ. ಇನ್ಸ್‌ಪೆಕ್ಟರ್ ನಕ್ಷೆಯನ್ನು ಅವನ ಕೈಗೇ ಕೊಟ್ಟರು. ಇನ್ನೇನು ಬೈಗುಳ ಬರುತ್ತದೆಂದು ತಲೆ ತಗ್ಗಿಸಿ ನಿಂತಿದ್ದವನ ಕೈಯನ್ನು ಸಾಹೇಬರು ಹಿಡಿದು ಕುಲುಕಿದರು.

“ಭೇಷ್! ಇವತ್ತಿಂದ ನನ್ನ ರೂಮು ದಾರಿಗೇ ಇರಲಿ. ನಾನು ನಿಮ್ಮ ಜಾಗದಲ್ಲಿ ಕೂತ್ಕೋತೀನಿ.”

“ಮತ್ತೆ ನಾನು ಸಾರ್?”

“ನಕ್ಷೆ ನಿಮ್ಮ ಕೈಯಲ್ಲೇ ಇದೆಯಲ್ರೀ? ಖಾಲಿ ಜಾಗ ನೋಡಿ ಕೂತ್ಕೊಳ್ಳಿ.”

ಅಳತೆಪ್ಪ ಹಿಗ್ಗಿನಿಂದಲೇ ನಕ್ಷೆ ಹರಡಿ ಹುಡುಕಿದ. ಖಾಲಿಯಿದ್ದ ಕಡೆಯೆಲ್ಲ ಅವನದೇ ಮುತ್ತಿನಂಥ ಅಕ್ಷರ: ‘ಇಲ್ಲಿ ಯಾರೂ ಕೂರತಕ್ಕದ್ದಲ್ಲ.’