ಕೆಂಪು ಹೌಸಿನ ಗೆಲುವು

ನೀರು ಸರಬರಾಜು ಕಚೇರಿಯ ಗುಮಾಸ್ತರನ್ನು ಕೆಲವು ದಿನಗಳಿಂದ ಒಂದೇ ಪ್ರಶ್ನೆ ಕೊರೆಯುತ್ತಿತ್ತು. ಹೈಸ್ಕೂಲಿಗೆ ಹೋಗುವ ಮಗಳು ಮನೆಯಲ್ಲಿ ಕುಡಿದ ಲೋಟವನ್ನು ಕುಡಿದಲ್ಲೇ ಬಿಟ್ಟು ಏಳುವ ಮಹಾರಾಣಿ. ಅದೇ ಹುಡುಗಿ ಶಾಲೆಗೆ ಎಲ್ಲರಿಗಿಂತ ಮೊದಲು ಹೋಗಿ ಗಿಡಗಳಿಗೆ ನೀರು ಹಾಕುತ್ತಾಳಂತೆ, ಚಿಕ್ಕ ತರಗತಿಯವರಿಗೆ ಲೆಕ್ಕ ಹೇಳಿಕೊಡುತ್ತಾಳಂತೆ. ಯಾಕೆ ಎಂದು ಕೇಳಿದರೆ, "ನಮ್ಮ ನೀಲಿ ಹೌಸಿಗೆ ಪಾಯಿಂಟ್ ಬರತ್ತಪ್ಪ" ಎನ್ನುತ್ತಾಳೆ.

ಪೋಷಕರ ಸಭೆಯ ದಿನ ಗುಮಾಸ್ತರು ಆಟದ ಮೇಷ್ಟರನ್ನು ಹಿಡಿದು ನಿಲ್ಲಿಸಿದರು.

"ಮಕ್ಕಳನ್ನೆಲ್ಲ ನಾಲ್ಕು ಹೌಸ್ ಮಾಡಿದೀವಿ ಸಾರ್," ಎಂದರು ಮೇಷ್ಟರು. "ಒಳ್ಳೇ ಕೆಲಸ ಯಾರೇ ಮಾಡಲಿ, ಪಾಯಿಂಟು ಅವರ ಹೌಸಿಗೆ. ತಾನು ಸೋತ್ರೆ ಮಗು ಒಂದು ಗಳಿಗೆ ಅಳತ್ತೆ. ತನ್ನಿಂದ ಹೌಸ್ ಸೋತ್ರೆ ಊಟ ಸೇರಲ್ಲ."

"ಮತ್ತೆ ಗೆದ್ದವರಿಗೆ?"

"ಅವರ ಗತ್ತು ನೀವು ನೋಡಬೇಕು ಸಾರ್." ಮೇಷ್ಟರು ಸೀಟಿ ಊದುತ್ತ ಮೈದಾನಕ್ಕೆ ಓಡಿದರು. (ಎಂಥ ಗತ್ತು ಎಂದು ಆಗಲೇ ಕೇಳಬೇಕಿತ್ತು.)

ದಾರಿಯುದ್ದಕ್ಕೂ ಗುಮಾಸ್ತರ ತಲೆಯಲ್ಲಿ ಒಂದು ಮಹಾಯೋಜನೆ ಕುದಿಯಿತು. ಭಾನುವಾರದ ಅವರ ನಿದ್ದೆಯನ್ನು ಹೆಂಡತಿ ಅದು ತೆಗೀರಿ, ಇದು ಒರೆಸಿ ಎಂದು ಹಾಳು ಮಾಡುತ್ತಿದ್ದಳು. ಗೆದ್ದು ಮಲಗುವ ಹಕ್ಕನ್ನು ಸಂಪಾದಿಸಿಬಿಟ್ಟರೆ ಕೇಳುವವರು ಯಾರು?

ಮನೆಗೆ ಬಂದವರೇ ಎರಡು ಗಾಜಿನ ಬಾಟಲಿ ಇಟ್ಟರು. ತಾವೂ ತಮ್ಮ ತಾಯಿಯೂ ಕೆಂಪು ಹೌಸ್. ಹೆಂಡತಿಯೂ ಮಗಳೂ ನೀಲಿ. ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುವವಳು. ಅವಳ ಡಬ್ಬಿಯ ಗುಂಡಿಗಳೇ ಪಾಯಿಂಟು: ಒಂದು ಕೆಲಸಕ್ಕೆ ಬಾಟಲಿಗೆ ಒಂದು ಗುಂಡಿ, ಭಾನುವಾರ ತೀರ್ಪು.

"ಗೆದ್ದೋರಿಗೆ ಏನ್ರೀ ಸಿಗತ್ತೆ?" ಎಂದಳು ಹೆಂಡತಿ.

"ಶಾಲೇಲಿ ಏನೋ ಅದೇ. ಶಾಲೆಯ ನಿಯಮವೇ ಅಂತಿಮ," ಎಂದು ಗುಮಾಸ್ತರು ಸರ್ಕಾರಿ ಆದೇಶದ ಧಾಟಿಯಲ್ಲಿ ಘೋಷಿಸಿದರು. ಮಗಳು ಬಾಯಿ ತೆರೆದವಳು, ಏನು ಯೋಚಿಸಿದಳೋ, ಮುಚ್ಚಿಕೊಂಡಳು.

ಮೊದಲ ದಿನವೇ ಅವರು ತಮ್ಮ ಒದ್ದೆ ಟವೆಲನ್ನು ಒಣಹಾಕಿ ಗುಂಡಿಗೆ ಕೈಚಾಚಿದರು.

"ತನ್ನ ಕೆಲಸಕ್ಕೆ ಪಾಯಿಂಟಿಲ್ಲಪ್ಪ," ಎಂದು ಮಗಳು ತಡೆದಳು. "ಬೇರೆಯವರದ್ದು ಮಾಡಿದ್ರೆ ಮಾತ್ರ."

"ಇದ್ಯಾವ ನ್ಯಾಯನೇ?"

"ಶಾಲೆಯ ನಿಯಮ."

ಕ್ಯಾಪ್ಟನ್ ಪದವಿಗೇರಿದ್ದ ತಾಯಿ ಸುಮ್ಮನಿರಲಿಲ್ಲ. "ಏಳೋ ಮಗಾ, ಅವರ ಬಾಟ್ಲಿ ತುಂಬ್ತಾ ಇದೆ. ನಿನ್ನಿಂದ ನಮ್ಮ ಹೌಸಿನ ಮಾನ ಹೋಗತ್ತೆ."

ಗುಮಾಸ್ತರು ಎದ್ದರು. ಎಲ್ಲರ ತಟ್ಟೆ ತೊಳೆದರು, ಮಗಳ ಸಮವಸ್ತ್ರಕ್ಕೆ ಇಸ್ತ್ರಿ ಹಾಕಿದರು, ಹೆಂಡತಿಯ ಸೂಜಿಗಳಿಗೆ ಕಣ್ಣು ಕಿರಿದು ಮಾಡಿಕೊಂಡು ದಾರ ಪೋಣಿಸಿದರು. ಕಚೇರಿಯಲ್ಲಿ ಕೂತರೂ ಗಮನವೆಲ್ಲ ಬಾಟಲಿಯ ಮೇಲೆ. ಭಾನುವಾರ ನೋಡಿದರೆ ಕೆಂಪು ಹೌಸಿನ ಬಾಟಲಿ ಕಂಠದವರೆಗೆ ತುಂಬಿತ್ತು, ನೀಲಿಯದು ಅರ್ಧಕ್ಕೇ ನಿಂತಿತ್ತು.

"ಗೆದ್ದೆವು," ಎಂದು ಗುಮಾಸ್ತರು ಚಾಪೆ ಹಾಸಿದರು. "ಇನ್ನು ಅಡುಗೆಮನೆ ನಿಮ್ಮದು."

ಮಗಳು ಸೌಟು ತಂದು ಅವರ ಕೈಗಿತ್ತಳು. "ಅಪ್ಪ, ಶಾಲೇಲಿ ಗೆದ್ದ ಹೌಸಿಗೇ ಎಲ್ಲ ಜವಾಬ್ದಾರಿ. ಪ್ರಾರ್ಥನೆ ನಡೆಸೋದು, ಗಂಟೆ ಹೊಡೆಯೋದು, ಸಭೆಗೆ ಕುರ್ಚಿ ಜೋಡಿಸೋದು, ಎಲ್ಲ ಅವರೇ. ಸೋತವರು ಮುಟ್ಟೋ ಹಾಗೇ ಇಲ್ಲ."

"ಅದೂ ಒಂದು ಬಹುಮಾನವೇನೇ?"

"ಅದಕ್ಕೇ ಅಲ್ವಾ ನಾವೆಲ್ಲ ಹೊಡೆದಾಡೋದು?"

"ಶಾಲೇಲಿ ಏನೋ ಅದೇ ಅಂದೋರು ಯಾರ್ರೀ?" ಎಂದಳು ಹೆಂಡತಿ, ಕಾಲು ಚಾಚಿ ಕೂರುತ್ತ.

ಗುಮಾಸ್ತರು ತಾಯಿಯ ಕಡೆ ತಿರುಗಿದರು. ಅವರಾಗಲೇ ಚಾಪೆಯ ಮೇಲಿದ್ದರು. "ಕ್ಯಾಪ್ಟನ್ನಿಗೆ ಮೇಲ್ವಿಚಾರಣೆ ಮಾತ್ರ ಕಣೋ."

ಗುಮಾಸ್ತರು ಗೊಣಗುತ್ತಲೇ ತರಕಾರಿ ಹೆಚ್ಚಿದರು, ಬೇಯಿಸಿದರು, ಬಡಿಸಿದರು. ಊಟ ಮುಗಿದ ಮೇಲೆ ಪಾತ್ರೆಗಳ ರಾಶಿ ನೋಡಿ ಹೆಂಡತಿ ಎದ್ದು ಬಂದಳು. "ಕೊಡಿ ಇಲ್ಲಿ, ಆ ಸೀದದ್ದೊಂದು ನಾನು ಉಜ್ಜಿಕೊಡ್ತೀನಿ," ಎಂದು ಕೈಹಾಕಿದಳು.

ಗುಮಾಸ್ತರು ಪಾತ್ರೆಯನ್ನು ಎದೆಗವಚಿಕೊಂಡರು.

"ಮುಟ್ಟಬೇಡ. ಇದು ನಮ್ಮ ಹೌಸಿನ ಕೆಲಸ."

ಮಾತು ಹೊರಬಿದ್ದ ಮೇಲೆ ಅವರಿಗೇ ಕೇಳಿಸಿತು. ಮೇಷ್ಟರು ಹೇಳಿದ ಗತ್ತು ಏನೆಂದು ತಿಳಿಯಿತು. ಅಂಗಿಯ ತುಂಬ ಮಸಿಯೂ ಆಗಿತ್ತು.

ಚಾಪೆಯ ಮೇಲಿಂದ, ಕಣ್ಣು ತೆರೆಯದೆಯೇ, ಕ್ಯಾಪ್ಟನ್ ಹೇಳಿದರು: "ಹಾಗನ್ನು ಮಗಾ. ತಳ ಸರಿಯಾಗಿ ಉಜ್ಜು."