ಕರ್ನಲ್ ಸಾಹೇಬರಿಗೆ ಬೈಯುವ ಡೈಲಾಗು

ಡೈಲಾಗ್ ಬರೆಯುವವನು ಬೇರೆಯವರನ್ನು ಬೆಚ್ಚಿಬೀಳಿಸಬೇಕು. ದೆಹಲಿಗೆ ಬಂದ ಮೇಲೆ ಬೆಚ್ಚಿಬೀಳುವ ಸರದಿ ಪ್ರತಿ ಸಲವೂ ನನ್ನದೇ.

ನಾನೇನು ಸಾಮಾನ್ಯದವನಲ್ಲ. ನಮ್ಮೂರ ನಲ್ಲಿಕಟ್ಟೆಯ ಜಗಳ ಕೇಳಿ ಬೆಳೆದವನು. ಮಾತಿಗೆ ಮಾತು ಜೋಡಿಸೋದನ್ನ ಯಾರೂ ಕಲಿಸಬೇಕಿಲ್ಲ. ವಾರವಿಡೀ ಗುರುಗ್ರಾಮದ ಆಫೀಸು, ಭಾನುವಾರ ಜನಕಪುರಿಯ ಕನ್ನಡ ಕೂಟದ ನಾಟಕ. ಈ ಸಲ ಕೂಟದ ಕಾರ್ಯದರ್ಶಿ ಮೊದಲೇ ಹೇಳಿಬಿಟ್ಟರು: "ಜನ ನಗದಿದ್ರೆ ಮುಂದಿನ ವರ್ಷದಿಂದ ನಾಟಕ ಇಲ್ಲ, ತಂಬೋಲಾ."

ನನ್ನ ಡೈಲಾಗಿನ ಎದುರು ಚೀಟಿಯಲ್ಲಿ ನಂಬರು ಹೊಡೆಯುವ ತಂಬೋಲಾ ಆಟ! "ಬಿದ್ದು ಬಿದ್ದು ನಗ್ತಾರೆ, ಗಟ್ಟಿ ಕುರ್ಚಿ ತರಿಸಿ" ಅಂದೆ.

ಒಂದು ಪುಟದ ಸಿಟ್ಟು

ಮಗಳು ತಾಯಿಯ ಮೇಲೆ ಸಿಡಿದೇಳುವ ದೃಶ್ಯಕ್ಕೆ ಒಂದು ಪುಟ ಬರೆದಿದ್ದೆ. ಓದಿದರೆ ನನಗೇ ಮೈ ಜುಮ್ಮೆನ್ನುತ್ತಿತ್ತು. ಮಗಳ ಪಾತ್ರ ರೋಹಿಣಿ ಬಡಾವಣೆಯ ಒಬ್ಬ ಕಾಲೇಜು ಹುಡುಗಿಯದು. ಅವಳು ಹಾಳೆ ನೋಡಿ, "ಭಯ್ಯಾ, ಯೇ ಸಬ್ ನಾನೊಬ್ಳೇ ಹೇಳೋದಾ?" ಅಂದಳು.

ಭಯ್ಯಾ! ತರಕಾರಿ ಗಾಡಿಯವನನ್ನು ಕರೆದ ಹಾಗೆ! "ಹೂಂ, ಯಾಕೆ?"

"ಅಷ್ಟು ಹೊತ್ತು ಅಮ್ಮ ಸುಮ್ನೆ ನಿಂತಿರ್ತಾರಾ? ನಮ್ಮನೇಲಿ ಮೂರನೇ ಮಾತಿಗೆ ಚಪ್ಪಲಿ ಬರುತ್ತೆ."

ಹಿಂದೆ ಸ್ವೆಟರ್ ಹೆಣೆಯುತ್ತಾ ಕೂತಿದ್ದ ಅವಳ ತಾಯಿ ತಲೆಯೆತ್ತದೆ, "ಎರಡನೇದಕ್ಕೆ" ಅಂದರು.

ಏಳಿ ಸರ್, ಸೋಮಾರಿ ಸರ್

ನಾಟಕದ ಜೀವಾಳವೇ ಧಣಿ ಸೋಮಾರಿ ಆಳಿಗೆ ಬೈಯುವ ದೃಶ್ಯ. ಆಳಿನ ಪಾತ್ರವನ್ನು ಕೊಡಗಿನ ನಿವೃತ್ತ ಕರ್ನಲ್ ಒಬ್ಬರು ಕೇಳಿ ಪಡೆದರು. ಧಣಿಗೆ ಫರೀದಾಬಾದಿನ ನಿವೃತ್ತ ಸುಬೇದಾರರು ಸಿಕ್ಕರು. ಮೀಸೆ, ದನಿ ಎರಡೂ ಜೋರು. ಅವರು ಇದೇ ಕರ್ನಲ್ ಕೈಕೆಳಗೆ ದುಡಿದವರು ಅನ್ನೋದು ತಾಲೀಮಿನಲ್ಲೇ ಗೊತ್ತಾಗಿದ್ದು.

ನಾನು ಬರೆದದ್ದು: "ಏಳೋ ಸೋಮಾರಿ! ಎಮ್ಮೆ ಹಾಗೆ ಬಿದ್ಕೊಂಡಿದೀಯಲ್ಲೋ!"

ಸುಬೇದಾರರು ಅಟೆನ್ಶನ್‌ನಲ್ಲಿ ನಿಂತು ಹೇಳಿದ್ದು: "ಏಳಿ ಸರ್. ಎಮ್ಮೆ ಹಾಗೆ ಮಲಗಿದೀರಿ, ಸಾರಿ ಸರ್."

"ಸುಬೇದಾರ್ ಸಾಹೇಬ್ರೇ, ಇಲ್ಲಿ ನೀವು ಧಣಿ!"

"ಗೊತ್ತಪ್ಪ. ಆದ್ರೆ ಅವ್ರು ಕರ್ನಲ್ಲು."

ಪಾತ್ರ ಅದಲು ಬದಲು ಮಾಡೋಣ ಅಂದೆ. ಕರ್ನಲ್ ಚಾಪೆಯ ಮೇಲಿಂದ ಅಲ್ಲಾಡಲಿಲ್ಲ. "ಸರ್ವಿಸ್ ಪೂರ್ತಿ ಬೈದು ಬೈದು ಸಾಕಾಗಿದೆ ಕಣಯ್ಯ. ಈಗ ನಾನು ಮಲಗಬೇಕು."

ನಾನು ಬರೆಯದ ಡೈಲಾಗು

ನಾಟಕದ ದಿನ ಅರ್ಧ ಸಭಾಂಗಣ ಮಿಲಿಟರಿ ಕುಟುಂಬಗಳೇ. ಮುಂದಿನ ಸಾಲಿನಲ್ಲಿ ಕಾರ್ಯದರ್ಶಿ, ಕೈಕಟ್ಟಿಕೊಂಡು. ಅಲ್ಲಿಯವರೆಗೆ ಒಬ್ಬರೂ ನಕ್ಕಿರಲಿಲ್ಲ. ಉಳಿದಿದ್ದು ಬೈಗುಳದ ದೃಶ್ಯವೊಂದೇ.

ಕರ್ನಲ್ ಚಾಪೆಯ ಮೇಲೆ. ಸುಬೇದಾರರು ಬಾಯಿ ತೆರೆದರು, ಮುಚ್ಚಿದರು, ಮತ್ತೆ ತೆರೆದರು. ನಾನು ಪರದೆಯ ಹಿಂದಿನಿಂದ "ಏಳೋ ಸೋಮಾರಿ" ಅಂತ ಕಿರುಚಿದ್ದು ಕೊನೆಯ ಸಾಲಿಗೂ ಕೇಳಿಸಿತು. ಸುಬೇದಾರರಿಗೆ ಮಾತ್ರ ಇಲ್ಲ. ನನ್ನ ಕಣ್ಣ ಮುಂದೆ ತಂಬೋಲಾ ಚೀಟಿಗಳು ಹಾರಾಡಿದವು.

ಕರ್ನಲ್ ಒಂದೇ ಕಣ್ಣು ತೆರೆದು ಪರೇಡ್ ದನಿಯಲ್ಲಿ ಗುಡುಗಿದರು: "ಸುಬೇದಾರ್! ಬೈಯಿ! ಇದು ನನ್ನ ಆರ್ಡರ್!"

"ಯೆಸ್ ಸರ್!" ಸುಬೇದಾರರು ಹಿಮ್ಮಡಿ ಕುಟ್ಟಿ ಸೆಲ್ಯೂಟ್ ಹೊಡೆದರು. ಆಮೇಲೆ ಶುರು. "ಏಳೋ ಸೋಮಾರಿ! ತಂಗಿ ಮದ್ವೆಗೆ ರಜೆ ಕೇಳಿದ್ರೆ ಇಲ್ಲ ಅಂದ್ಯಲ್ಲೋ! ಹಿಮದಲ್ಲಿ ನನ್ನ ನಿಲ್ಲಿಸಿ ಟೆಂಟಲ್ಲಿ ಗೊರಕೆ ಹೊಡೆದ್ಯಲ್ಲೋ!"

ಅಯ್ಯೋ ದೇವರೇ, ಇದ್ಯಾವುದೂ ನನ್ನದಲ್ಲ! ಕರ್ನಲ್ ದಿಗ್ಗನೆ ಎದ್ದು ಕೂತರು. ಸಭಾಂಗಣ ಹುಚ್ಚೆದ್ದು ನಕ್ಕಿತು. ಕಾರ್ಯದರ್ಶಿ ಗಟ್ಟಿ ಕುರ್ಚಿಯಿಂದಲೂ ಜಾರಿದ್ದರು.

ಪರದೆ ಬಿತ್ತು. ಕರ್ನಲ್ ನನ್ನತ್ತ ತಿರುಗಿದರು. "ಅದೆಲ್ಲ ನೀನು ಬರೆದಿದ್ದಾ?"

ಅವರ ಬೆನ್ನ ಹಿಂದೆ ಸುಬೇದಾರರು ಬೆವರುತ್ತಾ ನನಗೆ ಕೈಮುಗಿಯುತ್ತಿದ್ದರು. ನಾನು ಎದೆಯುಬ್ಬಿಸಿದೆ. "ಹೌದು ಸರ್. ಒಂದೊಂದು ಅಕ್ಷರಾನೂ ನಂದೇ."

"ಅಚ್ಛಾ," ಅಂದರು ಕರ್ನಲ್. "ಮುಂದಿನ ವರ್ಷ ನೀನು ಆಳು, ನಾನು ಧಣಿ. ಡೈಲಾಗ್ ಬರೀಬೇಡ, ನಾನೇ ನೋಡ್ಕೋತೀನಿ."