ಗೇಮಿಂಗ್ ಲ್ಯಾಪ್‌ಟಾಪಿನ ಗೃಹಪ್ರವೇಶ

ಅಜ್ಜಂಪುರದ ಶಶಿಧರನ ಮನೆಗೆ ಹೊಸ ಲ್ಯಾಪ್‌ಟಾಪ್ ಬಂದು ವಾರವಾಗುತ್ತ ಬಂದಿತ್ತು. ಅದರ ಬಗ್ಗೆ ಇನ್ನೂ ಅಭಿಪ್ರಾಯ ಹೇಳದೆ ಉಳಿದವನು ಅವನೊಬ್ಬನೇ. ಹೇಳಲು ಅವನಿಗೆ ಸರದಿಯೇ ಸಿಕ್ಕಿರಲಿಲ್ಲ.

ತಪ್ಪೆಲ್ಲ ಡಬ್ಬಿಯ ಮೇಲಿದ್ದ ಒಂದೇ ಪದದ್ದು. ಬೆಂಕಿ ಉಗುಳುವ ಯಾವುದೋ ಪ್ರಾಣಿಯ ಚಿತ್ರ, ಅದರ ಕೆಳಗೆ ದಪ್ಪಕ್ಷರದಲ್ಲಿ ‘ಗೇಮಿಂಗ್’. ಇದು ಆಟದ ಸಾಮಾನೆಂದೇ ಮನೆಯವರೆಲ್ಲ ಮಾತಾಡಿದರು. ಶಶಿಧರ ಆ ವಂಶದ ಮೊದಲ ಪದವೀಧರ. ಸಿವಿಲ್ ಇಂಜಿನಿಯರಿಂಗ್ ಓದಿ, ಬಸ್ ನಿಲ್ದಾಣದ ಹತ್ತಿರ ಒಂದು ಕೋಣೆ ಹಿಡಿದು, ಮನೆ ಪ್ಲಾನ್ ಹಾಕಿಕೊಡುತ್ತಿದ್ದ. ಅಜ್ಜಂಪುರ ತಾಲ್ಲೂಕು ಕೇಂದ್ರವಾದ ಮೇಲೆ ಮನೆ ಕಟ್ಟುವವರು ಹೆಚ್ಚಿದ್ದರು. ಪ್ಲಾನ್ ಹಾಕಿಸುವವರು ಮಾತ್ರ ಹೆಚ್ಚಿರಲಿಲ್ಲ. ಮೇಸ್ತ್ರಿ ನೆಲದ ಮೇಲೆ ಕಡ್ಡಿಯಲ್ಲಿ ಗೀರಿದರೆ ಅದೇ ಪ್ಲಾನು, ಅಳಿಸಿದರೆ ಅದೇ ತಿದ್ದುಪಡಿ. ಅಪ್ಪಿತಪ್ಪಿ ಬಂದವರೂ ಶಶಿಧರನ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ, ಇದರಲ್ಲಿ ಮನೆ ಎಲ್ಲಿದೆ ಎಂದು ಕೇಳಿ ಎದ್ದು ಹೋಗುತ್ತಿದ್ದರು. ಕಟ್ಟುವ ಮೊದಲೇ ಮನೆಯೊಳಗೆ ಓಡಾಡಿಸಿ ತೋರಿಸಿಬಿಟ್ಟರೆ? ಆ ದಿವ್ಯವಾದ ಆಲೋಚನೆ ಹೊಳೆದದ್ದೇ ಅವನು ತರೀಕೆರೆಯಲ್ಲಿದ್ದ ಸ್ನೇಹಿತ ಅಖೀಲನ ಕಂಪ್ಯೂಟರ್ ಅಂಗಡಿಗೆ ಹೋದ. ಅಂಥ ಕೆಲಸ ಎಳೆಯುವ ಶಕ್ತಿ ಆಟದ ಲ್ಯಾಪ್‌ಟಾಪಿಗೇ ಇರುವುದು ಎಂದ ಅಖೀಲ್, ತೀರಾ ದುಬಾರಿಯೂ ಅಲ್ಲದ, ತೀರಾ ಅಗ್ಗವೂ ಅಲ್ಲದ ನಡುವಿನದೊಂದನ್ನು ಕಟ್ಟಿಕೊಟ್ಟ. ಜೊತೆಗೆ, ಮನೆಯವರು ಬೇಡವೆಂದರೆ ಭಾನುವಾರದೊಳಗೆ ವಾಪಸ್ಸು ತೆಗೆದುಕೊಳ್ಳುತ್ತೇನೆ ಎಂದೂ ಸ್ನೇಹಕ್ಕೆ ಮಾತು ಕೊಟ್ಟ. (ಮದುವೆಯಾಗದವರು ಇಂಥ ಮಾತನ್ನು ಸಲೀಸಾಗಿ ಕೊಡುತ್ತಾರೆ.)

ಮನೆಯವರು ನೋಡಿದರು. ತಾಯಿ ಕರಿಬಸಮ್ಮ, ಗುಂಡಿ ಗುಂಡಿಗೂ ಬಣ್ಣದ ದೀಪ ಹತ್ತಿ ಆರುವುದನ್ನು ಕಂಡು, ಗಣಪತಿ ಕೂರಿಸುವ ಪೆಂಡಾಲಿಗಾದರೆ ಚೆನ್ನಾಗಿತ್ತು ಎಂದಳು. ತಂದೆ ಸಣ್ಣಬೀರಪ್ಪ ಆಯುಷ್ಯವೆಲ್ಲ ದನ ಸಾಕಿದವನು, ಜಾತ್ರೆ ಸಂತೆಗಳಲ್ಲಿ ಎತ್ತಿನ ಬೆಲೆ ಕಟ್ಟಿದವನು. ಅವನು ಲ್ಯಾಪ್‌ಟಾಪಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಬೆನ್ನ ಮೇಲೆ ಕೈಯಾಡಿಸಿ, ಹಿಂಬದಿಯ ಕಿಂಡಿಯಿಂದ ಬರುವ ಬಿಸಿಗಾಳಿಗೆ ಅಂಗೈ ಒಡ್ಡಿ ನಿಂತ. ಅದೇ ಗಳಿಗೆಗೆ ಒಳಗಿನ ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಮೊರೆಯತೊಡಗಿತು.

“ಲೇ ಶಶಿ, ಏದುಸಿರು ಬಿಡ್ತೈತಲ್ಲೋ. ಇನ್ನೂ ನೊಗನೇ ಹೂಡಿಲ್ಲ” ಎಂದ.

ಚಾರ್ಜರ್ ಕಿತ್ತರೆ ಬಹಳ ಹೊತ್ತು ನಡೆಯುವುದಿಲ್ಲ ಎಂಬ ಸಂಗತಿ ತಿಳಿದ ಮೇಲೆ ಅವನ ತೀರ್ಮಾನ ಗಟ್ಟಿಯಾಯಿತು: ಮೇವು ಮುಂದಿದ್ದರಷ್ಟೇ ಹೆಜ್ಜೆ ಎತ್ತುವ ಜಾತಿ. ಆ ಚಾರ್ಜರೂ ತೂಕದಲ್ಲಿ ಇಟ್ಟಿಗೆಗೆ ಸಾಟಿ. ಮನೆ ಕಟ್ಟುವವರಿಗೆ ಅದನ್ನೇ ಮಾದರಿಯಾಗಿ ತೋರಿಸಬಹುದು ಎಂದು ಶಶಿಧರನ ಹೆಂಡತಿ ಹೇಮಾವತಿ ಸಲಹೆ ಕೊಟ್ಟಳು.

ಅವಳದು ಸಲಹೆಗೆ ನಿಲ್ಲುವ ಸ್ವಭಾವವಲ್ಲ. ಕಡೂರಿನಲ್ಲಿ ಅವಳ ತಂದೆ ಹನುಮಂತಯ್ಯನವರು ಹೊಸ ಮನೆಗೆ ಕೈಹಾಕುವವರಿದ್ದರು. ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದ ಅವರು ಅಳಿಯನ ವಿದ್ಯೆಯನ್ನು ಗೌರವಿಸುತ್ತಿದ್ದರು, ಆದರೆ ಪ್ಲಾನನ್ನು ಬೇರೆ ಇಂಜಿನಿಯರ್ ಕೈಲಿ ಹಾಕಿಸುವ ಯೋಚನೆಯಲ್ಲಿದ್ದರು. ಈ ಗೌರವ ಶಶಿಧರನಿಗೆ ಹಲ್ಲುಸಂದಿಯ ಅಡಿಕೆಚೂರಿನ ಹಾಗೆ ಒತ್ತುತ್ತಿತ್ತು.

“ನೋಡಿ ರೀ” ಎಂದಳು ಹೇಮಾವತಿ. “ನಾಳೆ ಇದನ್ನ ಕಡೂರಿಗೆ ಹೊತ್ಕೊಂಡು ಹೋಗಣ. ನಮ್ಮಪ್ಪ ಅಮ್ಮ ನಿಮ್ಮ ಪ್ಲಾನ್ ಒಪ್ಪಿದ್ರೆ ಇದು ಅಖೀಲಣ್ಣನ ಅಂಗಡಿಗೆ ಹೋಗಲ್ಲ. ಒಪ್ಪಲಿಲ್ಲ ಅಂದ್ರೆ, ಬರ್ತಾ ಹಂಗೇ ತರೀಕೆರೆಗೆ.”

ಹೀಗೆ ಮಾನವೂ ಲ್ಯಾಪ್‌ಟಾಪೂ ಒಂದೇ ಚೀಲದೊಳಗೆ ಕೂತು ಬೀರೂರು ಮಾರ್ಗವಾಗಿ ಕಡೂರಿಗೆ ಹೊರಟವು. ಬೀಗರನ್ನು ನೋಡಿ ಬಹಳ ದಿನವಾಯಿತೆಂದು ಸಣ್ಣಬೀರಪ್ಪನೂ ಬಸ್ಸು ಹತ್ತಿದ. ದಾರಿಯುದ್ದಕ್ಕೂ ಶಶಿಧರ ಚೀಲವನ್ನು ಬಾಣಂತಿ ಕೂಸನ್ನು ಹಿಡಿದಂತೆ ತೊಡೆಯ ಮೇಲೆ ಹಿಡಿದಿದ್ದ.

ಕಡೂರಿನ ಮನೆಯ ನಡುಮನೆಯಲ್ಲಿ ಮೇಜು ಹಾಕಿ, ಲ್ಯಾಪ್‌ಟಾಪ್ ತೆರೆದು, ಅವನು ತಯಾರಿಸಿಟ್ಟಿದ್ದ ಮನೆಯನ್ನು ಪರದೆಯ ಮೇಲೆ ನಿಲ್ಲಿಸಿದಾಗ ಎಲ್ಲರೂ ಕತ್ತು ಚಾಚಿದರು. ನಿಜಕ್ಕೂ ಚೆಂದವಾಗಿತ್ತು. ಜಗಲಿಯ ಮೇಲೆ ಬಿಸಿಲು ಬಿದ್ದಿತ್ತು, ಕಂಬದ ನೆರಳು ಅಂಗಳಕ್ಕೆ ಚಾಚಿತ್ತು, ಬಾಗಿಲಿನ ತೇಗದ ಎಳೆ ಎಳೆಯೂ ಕಾಣುತ್ತಿತ್ತು. ಅತ್ತೆ ಕಾಮಾಕ್ಷಮ್ಮ ಕನ್ನಡಕ ಒರೆಸಿ ಹಾಕಿಕೊಂಡು ಮುಂದೆ ಬಂದು ಕೂತರು. ಇನ್ನು ಒಳಗೆ ಹೋಗೋಣ ಎಂದು ಶಶಿಧರ ಗತ್ತಿನಿಂದ ಗುಂಡಿ ಒತ್ತಿದ. ಜಗಲಿ ಹತ್ತಿರವಾಯಿತು, ಬಾಗಿಲು ತೆರೆಯಿತು, ಹೊಸಿಲು ಬಂತು.

ಕಾಮಾಕ್ಷಮ್ಮ ಅವನ ಮಣಿಕಟ್ಟು ಹಿಡಿದುಬಿಟ್ಟರು.

“ನಿಲ್ಲಿ ಅಳಿಯಂದ್ರೇ. ಹೊಸ ಮನೆಗೆ ಹಸು ನುಗ್ಗಿಸದೆ ನಾವು ನುಗ್ಗೋದಾ?”

ಶಶಿಧರ ನಕ್ಕ. ಅವರು ನಗಲಿಲ್ಲ ಎಂಬುದನ್ನು ಗಮನಿಸಿ ನಗುವನ್ನು ಹಿಂದಕ್ಕೆ ತೆಗೆದುಕೊಂಡ. ಇದು ಮನೆಯಲ್ಲ, ಬರೀ ಚಿತ್ರ ಎಂದು ವಿವರಿಸಿದ.

“ಗೋಡೆ ಮೇಲಿರೋ ದೇವ್ರೂ ಚಿತ್ರಾನೇ. ಅದಕ್ಕೆ ಕೈ ಮುಗಿಯಲ್ವೇ ನೀವು?”

ಅವನು ಮಾವನ ಕಡೆ ನೋಡಿದ. ಹನುಮಂತಯ್ಯನವರು ಕಚೇರಿಯ ಧ್ವನಿಯಲ್ಲಿ, ಪ್ರವೇಶ ಎಂದರೆ ಪ್ರವೇಶವೇ, ಅದು ಯಾವ ಮಾರ್ಗವಾಗಿ ಆಯಿತು ಎಂಬುದು ಮುಖ್ಯವಲ್ಲ ಎಂದು ತೀರ್ಪು ಕೊಟ್ಟರು. ಹೇಮಾವತಿ ಗಂಡನ ಕಿವಿಯ ಹತ್ತಿರ ಬಾಗಿ, ತರೀಕೆರೆ ಬಸ್ಸಿನ ವೇಳೆ ವಿಚಾರಿಸಲೇ ಎಂದು ಮೆಲ್ಲಗೆ ಕೇಳಿದಳು.

ಅವನೊಳಗಿನ ಛಲ ಎದ್ದು ಕೂತಿತು. ಹಸು ತಾನೆ? ಬರುತ್ತದೆ. ಇಂಟರ್ನೆಟ್ಟಿನಲ್ಲಿ ಹುಡುಕಿ, ಪುಕ್ಕಟೆ ಸಿಕ್ಕ ಒಂದು ಹಸುವನ್ನು ಅಂಗಳಕ್ಕೆ ಇಳಿಸಿದ. ಕಪ್ಪು ಬಿಳುಪು ಮಚ್ಚೆಯ, ದುಂಡಗೆ ಮೈ ತುಂಬಿದ ಪರದೇಶದ ಹಸು. ಅದುವರೆಗೆ ಮೂಲೆಯಲ್ಲಿ ಎಲೆಯಡಿಕೆ ಹಾಕಿಕೊಂಡು ಸುಮ್ಮನಿದ್ದ ಸಣ್ಣಬೀರಪ್ಪ ಅದನ್ನು ಕಂಡದ್ದೇ ಎದ್ದು ಬಂದ.

“ಏನ್ಲಾ ಇದು? ಡುಬ್ಬ ಇಲ್ಲ, ಗಂಗೆದೊಗಲಿಲ್ಲ, ಕೊಂಬಂತೂ ಮೊದ್ಲೇ ಇಲ್ಲ. ಅಮೃತಮಹಲ್ ದನ ಹುಟ್ಟೋ ಊರಿಂದ ಬಂದು, ಬೀಗರ ಮನೆಗೆ ಇಂಥ ಸೀಮೆ ಹಸು ಹೊಡೀತೀಯಾ? ನಾನು ಊರಾಗೆ ತಲೆ ಎತ್ಕೊಂಡು ತಿರುಗೋದು ಬ್ಯಾಡ್ವಾ?”

ಆಮೇಲೆ ನಡೆದದ್ದು ಆ ಮನೆತನದ ಇತಿಹಾಸದಲ್ಲಿ ಹಿಂದೆ ನಡೆಯದ ಘಟನೆ. ಮಗ ಮಾಡುವ ಕೆಲಸವೇನೆಂದು ಇವತ್ತಿನವರೆಗೂ ಅರ್ಥವಾಗದಿದ್ದ ತಂದೆ ಅವನ ಪಕ್ಕದಲ್ಲಿ ಸ್ಟೂಲು ಎಳೆದುಕೊಂಡು ಕೂತ. ಡುಬ್ಬ ಎಷ್ಟಿರಬೇಕು, ಮುಖ ಎಷ್ಟು ಉದ್ದ ಬರಬೇಕು, ಕೊಂಬು ಹಣೆಯಿಂದ ಹೇಗೆ ಹೊರಟು, ಹಿಂದಕ್ಕೆ ಬಾಗಿ, ಬಾಣದ ಮೊನೆಯಂತೆ ಮುಗಿಯಬೇಕು ಎಂದು ಗಾಳಿಯಲ್ಲಿ ಕೈಯಾಡಿಸಿ ತೋರಿಸಿದ. ಮಗ ಮೌಸ್ ಹಿಡಿದು ಹಸುವಿನ ಬೆನ್ನು ಎತ್ತಿದ, ಕತ್ತಿನ ಕೆಳಗೆ ತೊಗಲು ಇಳಿಬಿಟ್ಟ, ಮಚ್ಚೆ ಅಳಿಸಿ ಬೂದು ಬಣ್ಣ ಬಳಿದ. ಲ್ಯಾಪ್‌ಟಾಪ್ ಮೊರೆಯಿತು, ಮೇಜು ಕಾದಿತು, ಕಾಮಾಕ್ಷಮ್ಮ ಕೊಟ್ಟ ಕಾಫಿ ಬಿಸಿಗಾಳಿಯ ಕಿಂಡಿಯ ಹಿಂದಿದ್ದದ್ದರಿಂದ ಕೊನೆಯವರೆಗೂ ಆರಲಿಲ್ಲ. ಆದರೆ ಯಂತ್ರ ಒಮ್ಮೆಯೂ ಎಡವಲಿಲ್ಲ. ಒಂದೊಂದು ರೋಮವನ್ನೂ ಬಿಡಿಸಿ ತೋರಿಸಿತು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಅಂಗಳದಲ್ಲಿ ನಿಂತ ಹಸುವನ್ನು ನೋಡಿ ಸಣ್ಣಬೀರಪ್ಪ ಅರಿವಿಲ್ಲದೆ ನಾಲಿಗೆಯಿಂದ ಲೊಚಗುಟ್ಟಿ ಕರೆದ.

ಕಾಮಾಕ್ಷಮ್ಮ ಕ್ಯಾಲೆಂಡರ್ ನೋಡಿ, ಅಂದಿನ ಗೋಧೂಳಿಯೇ ಪ್ರಶಸ್ತ ಎಂದರು. ನೆರೆಮನೆಯ ಹೆಂಗಸರು ಅರಿಶಿನ ಕುಂಕುಮಕ್ಕೆ ಬಂದರು. ಮೇಜಿನ ಕಾಲಿಗೆ ಮಾವಿನ ಸೊಪ್ಪು ಕಟ್ಟಿದರು. ಪರದೆಯ ಮನೆಯ ದೇವರ ಕೋಣೆಯಲ್ಲಿ ಒಂದು ದೀಪವೂ ಇರಲಿ ಎಂದು ಅತ್ತೆ ಹೇಳಿದರು; ಶಶಿಧರ ಹಿತ್ತಾಳೆಯ ಜೋಡಿ ದೀಪ ಇಟ್ಟು ಹಚ್ಚಿದ. ಕುಡಿ ಅಲುಗಿದರೆ ಗೋಡೆಯ ನೆರಳೂ ಅಲುಗುವಂಥ ದೀಪ. ಅದನ್ನು ಕಂಡು ಹೆಂಗಸರು ಅಲ್ಲೇ ಕೈ ಮುಗಿದರು.

ಸರಿಯಾಗಿ ಹಸು ಜಗಲಿ ಹತ್ತುವಾಗ ಕರೆಂಟು ಹೋಯಿತು.

ಶಶಿಧರನ ಕಣ್ಣು ಚಾರ್ಜರಿನ ಕಡೆ ಓಡಿತು. ಚಾರ್ಜರಿನ ಆಸರೆ ತಪ್ಪಿದರೆ ಈ ಯಂತ್ರ ಶಕ್ತಿ ಉಳಿಸಿಕೊಳ್ಳಲು ನಿಧಾನವಾಗುತ್ತದೆ; ಚಿತ್ರ ತಡೆದು ತಡೆದು ಬರುತ್ತದೆ. ಹಾಗೇ ಆಯಿತು. ಚುರುಕಾಗಿ ನಡೆಯುತ್ತಿದ್ದ ಹಸು ಒಂದು ಕಾಲೆತ್ತಿ ನಿಂತಿತು. ಯೋಚಿಸಿತು. ಇಟ್ಟಿತು. ಮತ್ತೊಂದು ಕಾಲೆತ್ತಿತು. ಕತ್ತಲಾಗುತ್ತಿದ್ದ ನಡುಮನೆಯಲ್ಲಿ ಆ ಪರದೆಯೊಂದೇ ಬೆಳಗುತ್ತಿತ್ತು.

“ಅಬ್ಬ, ಏನು ಗಾಂಭೀರ್ಯ” ಎಂದು ನೆರೆಮನೆಯಾಕೆ ಉಸಿರುಬಿಟ್ಟಳು.

“ನಮ್ ಕಡೆ ದನ ಹಂಗೇ ಕಣಮ್ಮ. ಯಾರೋ ಕರೆದ್ರು ಅಂತ ಓಡೋಗಲ್ಲ” ಎಂದ ಸಣ್ಣಬೀರಪ್ಪ.

ಬಲಗಾಲು ಹೊಸಿಲ ಒಳಗೆ ಬಿತ್ತು. ಆರತಿ ಎತ್ತಿದರು. ಒಳಗೆ ಹೋದ ಹಸು ಸಗಣಿ ಹಾಕಿದರೆ ಇನ್ನೂ ಶುಭ ಎಂದು ಯಾರೋ ಅಂದರು. ಗೆಲುವಿನ ಅಮಲಿನಲ್ಲಿದ್ದ ಶಶಿಧರ ಅದನ್ನೂ ಒದಗಿಸಿದ. ಕರೆಂಟು ಬಂದ ಮೇಲೆ ಎಲ್ಲರೂ ಮನೆಯನ್ನು ಕೋಣೆ ಕೋಣೆಯಾಗಿ ನೋಡಿದರು. ಅಡುಗೆಮನೆಯಲ್ಲಿ ಕಾಮಾಕ್ಷಮ್ಮ ಅತ್ತಿತ್ತ ಓಡಾಡಿ (ಅಷ್ಟರಲ್ಲಿ ಗುಂಡಿ ಒತ್ತುವುದು ಅವರಿಗೆ ಬಂದಿತ್ತು) ಒಂದು ತಪ್ಪೂ ಸಿಗದೆ ಸೋತರು. ಹನುಮಂತಯ್ಯನವರು ಎದ್ದು ನಿಂತು, ಈ ಮನೆಗೆ ಬೇರೆ ಇಂಜಿನಿಯರ್ ಬೇಡ, ಗೋಡೆಯೊಂದೂ ಕದಲಬಾರದು, ಹೀಗೇ ಕಟ್ಟಬೇಕು ಎಂದು ಘೋಷಿಸಿದರು. ಬಂದಿದ್ದ ನೆರೆಯವರಲ್ಲಿ ಇಬ್ಬರು, ತಮಗೂ ಒಂದು ಪ್ಲಾನು, ಹಸುವಿನ ಸಮೇತ ಬೇಕೆಂದರು. ಹೇಮಾವತಿ ಗಂಡನನ್ನು ನೋಡಿದ ನೋಟದಲ್ಲಿ ಮದುವೆಯ ಹೊಸತರ ಕಳೆ ಇತ್ತು. ಶಶಿಧರನಿಗೆ ಭೂಮಿಯ ಮೇಲೆ ಕಾಲಿರಲಿಲ್ಲ.

ಊಟ ಮುಗಿಸಿ, ವೀಳ್ಯ ಹಾಕಿಕೊಂಡು, ಅವನು ಬಂದು ಲ್ಯಾಪ್‌ಟಾಪ್ ಮುಚ್ಚಲು ಕೈಯಿಟ್ಟ.

“ಅಯ್ಯೋ, ಏನು ಮಾಡ್ತಿದೀರಿ?” ಎಂದು ಕಾಮಾಕ್ಷಮ್ಮ ಸೌಟು ಹಿಡಿದೇ ಓಡಿಬಂದರು. “ದೀಪ ಹಚ್ಚಿರೋ ಮನೆ ಅಳಿಯಂದ್ರೇ ಅದು. ಪ್ರವೇಶ ಆದ ಮನೇನ ಕತ್ತಲು ಮಾಡ್ತಾರಾ? ಒಳಗೆ ಹಸು ಬೇರೆ ಇದೆ.”

ಹಾಗಾದರೆ ಎಲ್ಲಿಯವರೆಗೆ ಎಂದು ಅವನು ತೊದಲಿದ. ಗಟ್ಟಿ ಮನೆ ಎದ್ದು, ಈ ದೀಪದ ಬದಲು ಅಲ್ಲಿ ದೀಪ ಹತ್ತುವವರೆಗೆ ಎಂದು ಅವರು ಸಮಾಧಾನವಾಗಿ ಹೇಳಿದರು. ಮಳೆಗಾಲ ಕಳೆದು ಪಾಯ ತೆಗೆಯುವುದು ಎಂದು ಮಾವನವರು ಪಕ್ಕದಿಂದ ಸೇರಿಸಿದರು. ಬೇಕಾದರೆ ಇನ್ವರ್ಟರ್ ಹಾಕಿಸೋಣ, ದೀಪ ಆರಬಾರದು ಎಂದೂ ಧೈರ್ಯ ಕೊಟ್ಟರು. ಶಶಿಧರ ಹೆಂಡತಿಯ ಕಡೆ ಮುಳುಗುವವನ ನೋಟ ನೋಡಿದ.

“ಅಖೀಲಣ್ಣನ ಅಂಗಡಿಗೆ ಹೋಗಲ್ಲ ಅಂದಿದ್ದೆ” ಎಂದಳು ಹೇಮಾವತಿ. “ಹೋಗ್ಲಿಲ್ಲವಲ್ಲ.”

ಮೇಜಿನ ಸಮೇತ ಲ್ಯಾಪ್‌ಟಾಪ್ ದೇವರ ಮನೆಗೆ ಹೋಯಿತು. ಖಾಲಿ ಚೀಲ ಕೊಡಬಾರದೆಂದು ಅತ್ತೆ ಅದರ ತುಂಬ ತೆಂಗಿನಕಾಯಿ ತುಂಬಿದರು. ಭಾನುವಾರ ಅಖೀಲ್ ಫೋನು ಮಾಡಿ, ಮಾಲು ಹೇಗಿದೆ ಸಾರ್, ಮನೆಯಲ್ಲಿ ಒಪ್ಪಿದರೇ ಎಂದು ಕೇಳಿದಾಗ ಶಶಿಧರ ಕೊನೆಗೂ ತನ್ನ ಅಭಿಪ್ರಾಯ ಹೇಳಿದ: ಶಕ್ತಿಗೆ ಎರಡು ಮಾತಿಲ್ಲ, ಬೆಳಕು ನೆರಳು ಅದ್ಭುತ, ಫ್ಯಾನಿನ ಸದ್ದು ಅಜ್ಜಂಪುರಕ್ಕೆ ಕೇಳಿಸುವುದೇ ಇಲ್ಲ. ಹೇಳಿ, ಅತ್ತೆಯ ಮನೆಯ ಪ್ಲಾನಿಗೆ ಪೆನ್ಸಿಲ್ಲು ಹಿಡಿದು ಕಾಗದದ ಮೇಲೆ ಗೆರೆ ಎಳೆಯುತ್ತ ಕೂತ.

ಆಗ ಮತ್ತೆ ಫೋನು ಬಂತು. ಕಾಮಾಕ್ಷಮ್ಮನವರು. ಹಸು ಆವತ್ತಿನಿಂದ ನಿಂತೇ ಇದೆಯಂತೆ, ನೋಡಿದರೆ ಪಾಪ ಅನಿಸುತ್ತದಂತೆ, ಅದನ್ನು ಯಾರಾದರೂ ಬಂದು ಮಲಗಿಸಬೇಕಂತೆ. ತನ್ನ ಲ್ಯಾಪ್‌ಟಾಪನ್ನು ಒಂದು ಸಲ ಮುಟ್ಟಬಹುದೆಂಬ ಆಸೆಗೆ ಶಶಿಧರ ಈಗಲೇ ಹೊರಟೆ ಎಂದ.

“ನೀವ್ಯಾಕೆ ಕೆಲಸ ಕೆಡಿಸ್ಕೋತೀರಿ? ಹಸುವಿನ ವಿಷಯ ಬೀಗರಿಗೇ ಚೆನ್ನಾಗಿ ಗೊತ್ತು. ಅವರನ್ನ ಕಳಿಸಿ, ಸಾಕು.”

ಫೋನಿನ ಮಾತು ಅಂಗಳದವರೆಗೆ ಕೇಳಿಸಿತ್ತೋ ಏನೋ, ಸಣ್ಣಬೀರಪ್ಪ ಆಗಲೇ ಹೊಸ ಪಂಚೆಯುಟ್ಟು, ಹೆಗಲಿಗೆ ಟವಲು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ.

“ಲೇ ಶಶಿ, ಬಸ್ಸಿಗೆ ಹೊತ್ತಾಯ್ತು. ಮೊದ್ಲು ಯಾವ ಗುಂಡಿ ಒತ್ಬೇಕು, ಅಷ್ಟು ಹೇಳು. ಮುಂಗಾಲು ಮಡಿಸೋದಕ್ಕೆ.”